ಥರ್ಮಾಕೋಲಿನ ಗೋಡೆಯಲ್ಲೊಂದು ಮಾಡ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಮೊಸರಿನ ಪಾತ್ರೆಯ ಕೆಳಗೆ ಚೌಕಾಕಾರದ ಒಂದು ತುಂಡು ಇದೆ. ಒಂದು ಮೈಗೆ ಬೂದು ಬಣ್ಣದ ಸಿಮೆಂಟ್ ಬೋರ್ಡು, ಅದರ ಬೆನ್ನಿಗೆ ನಾಲ್ಕು ಬೆರಳು ದಪ್ಪದ ಥರ್ಮಾಕೋಲು. ಅಂಚೆಲ್ಲ ಇಲಿ ಕಡಿದ ಹಾಗೆ ಮುಕ್ಕಾಗಿದೆ. ಬಂದವರು ಅದನ್ನು ನೋಡಿ, ಹೊಸ ಫ್ರಿಜ್ ತಗೊಂಡ್ರೇನು ಎಂದು ಕೇಳುತ್ತಾರೆ. ಇಲ್ಲ, ಅದು ನಮ್ಮ ಮನೆಯ ಗೋಡೆ ಎನ್ನುತ್ತೇನೆ. ಅವರು ನಗುತ್ತಾರೆ. ಟೀಚರಮ್ಮನಿಗೆ ನಿವೃತ್ತಿ ಹತ್ತಿರ ಬಂತು, ಏನೇನೋ ಮಾತಾಡುತ್ತಾಳೆ ಎಂದುಕೊಳ್ಳುತ್ತಾರೇನೋ.

ನಿಜಕ್ಕೂ ಅದು ಗೋಡೆಯೇ. ಅದರ ಮೇಲಿಟ್ಟ ಮೊಸರು ಡಿಸೆಂಬರಿನಲ್ಲೂ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಮುಂಬೈಯ ಡಿಸೆಂಬರು ಎಂದರೆ ಸ್ವೆಟರು ಕಪಾಟಿನಿಂದ ಹೊರಬಂದು, ಮರ್ಯಾದೆಗೆ ಒಮ್ಮೆ ಮೈಮೇಲೆ ಕೂತು, ಮತ್ತೆ ಒಳಗೆ ಹೋಗುವ ಕಾಲ, ಅಷ್ಟೇ. ಆದರೂ ಹೆಪ್ಪಿಗೆ ಅದು ಗೊತ್ತಾಗುತ್ತದೆ. ಕೆಳಗಿನ ಕಲ್ಲುಕಟ್ಟೆಯ ತಂಪು ಪಾತ್ರೆಗೆ ಹತ್ತದಂತೆ ಈ ತುಂಡು ತಡೆಯುತ್ತದೆ. ಮುನ್ಸಿಪಲ್ ಶಾಲೆಯ ಕನ್ನಡ ವಿಭಾಗದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುತ್ತ ನಾನು ಮುದುಕಿಯಾಗುತ್ತ ಬಂದೆ. ಉಷ್ಣವಾಹಕ ಯಾವುದು, ಅವಾಹಕ ಯಾವುದು ಎಂದು ಎಷ್ಟು ಮಕ್ಕಳ ಬಾಯಿಂದ ಹೇಳಿಸಿದ್ದೇನೋ. ಆ ಅವಾಹಕ ಒಂದು ದಿನ ನಮ್ಮ ಮನೆಗೇ ಬಂದು ನಿಲ್ಲುತ್ತದೆ, ಅತ್ತೆಗೂ ನನಗೂ ಜಗಳ ಹಚ್ಚುತ್ತದೆ ಎಂದು ಮಾತ್ರ ಯಾವ ಪಾಠದಲ್ಲೂ ಬರೆದಿರಲಿಲ್ಲ.

ನಾನು ಹುಟ್ಟಿದ ಮನೆ ಕುರ್ಲಾದ ಒಂದು ಚಾಳು. ತಲೆಯ ಮೇಲೆ ಪತ್ರಾ, ಅಂದರೆ ತಗಡಿನ ಶೀಟು. ಅಪ್ಪ ವಿಜಾಪುರದಿಂದ ಬಂದು ಒಂದು ವರ್ಕ್‌ಶಾಪಿನಲ್ಲಿ ಲೇತು ತಿರುಗಿಸುತ್ತಿದ್ದರು. ಏಪ್ರಿಲ್ ಬಂತೆಂದರೆ ಅವ್ವ ಗೋಣಿಚೀಲಗಳನ್ನು ನೀರಲ್ಲಿ ಅದ್ದಿ, ಬಿದಿರು ಕೋಲಿನಿಂದ ಪತ್ರಾದ ಮೇಲೆ ಎಸೆಯುತ್ತಿದ್ದಳು. ಚೀಲ ಚುಂಯ್ ಎನ್ನುತ್ತಿತ್ತು. ಊಟವಾಗುವುದರೊಳಗೆ ಒಣಗಿ ಹಪ್ಪಳವಾಗುತ್ತಿತ್ತು. ಹಪ್ಪಳ ಎಂದಾಗ ನೆನಪಾಯಿತು, ನಮ್ಮವ್ವನಷ್ಟು ಬೇಗ ಸಂಡಿಗೆ ಒಣಗಿಸುವವರು ಇಡೀ ಕುರ್ಲಾದಲ್ಲಿ ಯಾರೂ ಇರಲಿಲ್ಲ. ಬೆಳಗ್ಗೆ ಇಟ್ಟರೆ ಮಧ್ಯಾಹ್ನಕ್ಕೆ ಕರಿಯಬಹುದು. ನಾವು ಮಕ್ಕಳು ಮಂಚದ ಕೆಳಗೆ, ನೆಲಕ್ಕೆ ನೀರು ಚಿಮುಕಿಸಿಕೊಂಡು, ಹಲ್ಲಿಗಳ ಹಾಗೆ ಹೊಟ್ಟೆ ಅಂಟಿಸಿ ಮಲಗುತ್ತಿದ್ದೆವು. ಮಳೆಗಾಲದಲ್ಲಿ ಇನ್ನೊಂದು ಬಗೆ. ಪತ್ರಾದ ಮೇಲೆ ಮಳೆ ಬೀಳತೊಡಗಿದರೆ ಅಪ್ಪ ಬೈದದ್ದು ಯಾರಿಗೂ ಕೇಳುತ್ತಿರಲಿಲ್ಲ. ಅಪ್ಪನ ಬಾಯಿ ಮಾತ್ರ ಆಡುತ್ತಿತ್ತು. ಹೀಗಾಗಿ ಕೆಟ್ಟ ಅಂಕದ ಪ್ರಗತಿಪತ್ರ ತೋರಿಸಲು ನಾನೂ ತಮ್ಮನೂ ದೊಡ್ಡ ಮಳೆಗಾಗಿ ಕಾಯುತ್ತಿದ್ದೆವು.

ಮದುವೆಯಾಗಿ ಗೋರೆಗಾಂವಿಗೆ ಬಂದೆ. ಗಂಡನ ಮನೆಯೂ ಬೈಠಿ ಚಾಳಿನ, ಅಂದರೆ ನೆಲಮಟ್ಟದ ಸಾಲುಮನೆಗಳ, ಒಂದು ಖೋಲಿ. ಕೆಳಗೆ ಇಟ್ಟಿಗೆಯ ಗೋಡೆ, ಅದರ ಮೇಲೆ ಪತ್ರಾ ಹೊಡೆದು ಮಾಡಿದ ಇನ್ನೊಂದು ಖೋಲಿ, ಹತ್ತಲು ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ತಾಳಿ ಕಟ್ಟಿಸಿಕೊಂಡು ಆ ಮೆಟ್ಟಿಲು ಹತ್ತಿದವಳು ಮೊದಲು ನೋಡಿದ್ದು ಮೇಲಿನ ತಗಡು. ಪತ್ರಾ ನನ್ನ ಹಣೆಯಲ್ಲೇ ಬರೆದಿದೆ ಬಿಡು ಅಂದುಕೊಂಡೆ.

ನಮ್ಮವರ ಹೆಸರು ಶಿವಾನಂದ. ಕುರ್ಲಾದ ಕಡೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಐಸ್‌ಕ್ರೀಮು, ಬೆಣ್ಣೆ, ಬಟಾಣಿ ಇಡುವ ದೊಡ್ಡ ದೊಡ್ಡ ತಂಪು ಖೋಲಿಗಳ ಮಶೀನು ನೋಡಿಕೊಳ್ಳುವುದು. ಯಾವಾಗಲೂ ರಾತ್ರಿ ಪಾಳಿ. ಬೆಳಗ್ಗೆ ಮನೆಗೆ ಬಂದು, ಸ್ನಾನ ಮಾಡಿ, ರೊಟ್ಟಿ ತಿಂದು ಮೇಲಿನ ಖೋಲಿಗೆ ಮಲಗಲು ಹೋಗುತ್ತಿದ್ದರು. ಆಗಲೇ ಪತ್ರಾ ಕಾಯಲು ಶುರುವಾಗಿರುತ್ತಿತ್ತು. ಮಧ್ಯಾಹ್ನ ಆ ಖೋಲಿಯಲ್ಲಿ ಮಲಗುವುದೆಂದರೆ ಹಂಚಿನ ಮೇಲೆ ಮಗ್ಗಲು ಬದಲಿಸಿದ ಹಾಗೆ. ಫ್ಯಾನು ತಿರುಗಿದಷ್ಟೂ ಬಿಸಿಗಾಳಿ. ಎ.ಸಿ. ಹಾಕಿಸಿ ನೋಡಿದೆವು. ಪತ್ರಾದ ಖೋಲಿಗೆ ಎ.ಸಿ. ಅಂದರೆ ತೂತು ಕೊಡದಲ್ಲಿ ನೀರು ಹೊತ್ತಂತೆ. ಲೈಟ್ ಬಿಲ್ಲು ನೋಡಿದಾಗ ಮಾತ್ರ ನಮಗೆ ಚೆನ್ನಾಗಿ ಚಳಿ ಹತ್ತಿತು. ಸಂಜೆ ಬಿಸಿಲು ಇಳಿದು, ಪತ್ರಾ ಆರಿ, ಇವರ ಕಣ್ಣು ನಿಜವಾಗಿ ಹತ್ತುವ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ನಮ್ಮ ಅತ್ತೆಯ ಕೂಗು ಬರುತ್ತಿತ್ತು.

"ಏ ಶಿವೂ, ಏಳಪಾ. ದೀಪಾ ಹಚ್ಚೂ ಹೊತ್ತಾತು."

ದೀಪ ಹಚ್ಚುವ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಲಗಿರಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಲಕ್ಷ್ಮಿ ಒಳಗೆ ಬರುವ ಹೊತ್ತು ಅದು. ಬಂದವಳಿಗೆ ಮಲಗಿದ ಮೈ ಕಂಡರೆ ಹೊಸ್ತಿಲಿನಿಂದಲೇ ತಿರುಗಿ ಹೋಗುತ್ತಾಳಂತೆ. ಜ್ವರ ಬಂದವರೂ ಎದ್ದು ಕೂತು, ಕೈಮುಗಿದು, ಮತ್ತೆ ಮಲಗಬೇಕು. ಅತ್ತೆ ಧಾರವಾಡದ ಕಡೆಯವರು, ಹೆಸರು ಗಂಗಮ್ಮ. ಮುಂಬೈಗೆ ಬಂದು ಮುದುಕಿಯಾದರೂ ಲಕ್ಷ್ಮಿಯ ವಿಷಯದಲ್ಲಿ ಒಂದು ದಿನವೂ ರಿಯಾಯಿತಿ ಕೊಟ್ಟವರಲ್ಲ. ಇವರು ಕೆಂಪು ಕಣ್ಣು ಉಜ್ಜುತ್ತ ಕೆಳಗಿಳಿದು ದೇವರ ಮುಂದೆ ನಿಲ್ಲುತ್ತಿದ್ದರು. ಒಮ್ಮೆ ಎದ್ದ ಮೇಲೆ ನಿದ್ದೆ ಎಲ್ಲಿಯದು. ರಾತ್ರಿ ಮತ್ತೆ ಪಾಳಿ.

ಮೊದಮೊದಲು ಇದು ತಮಾಷೆಯಾಗಿಯೇ ಇತ್ತು. ಬೆಳಗಿನ ಲೋಕಲ್ಲಿನಲ್ಲಿ ನಿದ್ದೆ ಹೋಗಿ ಗೋರೆಗಾಂವ್ ದಾಟಿ ಬೋರಿವಲಿಯಲ್ಲಿ ಎಚ್ಚರಾಗುವುದು, ಚಹಾ ಕುಡಿಯುತ್ತ ಕಪ್ಪು ಹಿಡಿದೇ ತೂಕಡಿಸುವುದು. ಮಗಳು ಸ್ನೇಹಾ ಅದರ ವಿಡಿಯೋ ಕೂಡ ಮಾಡಿದ್ದಳು. ಆಮೇಲೆ ಒಂದು ಬೆಳಗ್ಗೆ ಇವರು ಕಾಲರು ಹರಿದ ಅಂಗಿಯಲ್ಲಿ ಮನೆಗೆ ಬಂದರು. ದಾದರಿನಲ್ಲಿ ಗಾಡಿ ಬದಲಿಸುವಾಗ, ನಡೆಯುತ್ತಲೇ ಕಣ್ಣು ಮುಚ್ಚಿ, ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿಬಿಟ್ಟಿದ್ದರಂತೆ. ಗಾಡಿ ಒಳಗೆ ಬರುತ್ತಿತ್ತು. ಯಾರೋ ಗುರುತಿಲ್ಲದವನು ಹಿಂದಿನಿಂದ ಕಾಲರು ಹಿಡಿದು ಎಳೆದನಂತೆ.

"ಅಂವಾ ಬೈದಾ ನೋಡು, ಮರಾಠಿಯೊಳಗ. ಅಂಥಾ ಚಂದದ ಬೈಗಳ ನಾ ಕೇಳೇ ಇದ್ದಿದ್ದಿಲ್ಲ" ಎಂದು ಇವರು ನಕ್ಕರು.

ನನಗೆ ನಗು ಬರಲಿಲ್ಲ. ಆ ಅಂಗಿಗೆ ಕಾಲರು ಹೊಲಿಯಲು ಕೂತೆ, ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಡಾಕ್ಟರರು ಸ್ಪಷ್ಟವಾಗಿ ಹೇಳಿದರು: ಔಷಧ ಏನೂ ಬೇಡ, ಈ ಮನುಷ್ಯನಿಗೆ ಹಗಲು ನಿದ್ದೆ ಬೇಕು. ಅದು ಆಗದಿದ್ದರೆ ಕೆಲಸ ಬಿಡಿಸಿ, ಇಲ್ಲವಾದರೆ ಮುಂದಿನ ಸಲ ಕಾಲರು ಹಿಡಿಯುವವರು ಇರುತ್ತಾರೆಂದು ಹೇಳಲಾಗದು. ಕೆಲಸ ಬಿಡುವುದು ಇವರಿಗೆ ಒಪ್ಪಿಗೆಯಿರಲಿಲ್ಲ. ಆ ಮಶೀನುಗಳು ಇವರಿಗೆ ದನಕರು ಇದ್ದ ಹಾಗೆ, ಅವುಗಳ ಉಸಿರು ಇವರಿಗೆ ಗೊತ್ತು.

ಒಂದು ಮಧ್ಯಾಹ್ನ ಇವರು ನಿದ್ದೆ ಬಾರದೆ ಕೆಳಗಿಳಿದು ಬಂದು, ಬೆವರು ಒರೆಸಿಕೊಳ್ಳುತ್ತ ಗೊಣಗಿದರು. "ಐಸ್‌ಕ್ರೀಮ್ ನೋಡು ಗಿರಿಜಾ, ಎಷ್ಟ ಆರಾಮ ಮಲಗಿರ್ತೈತಿ. ಹೊರಗ ಬೆಂಕಿ ಬಿದ್ರೂ ಅದಕ ಗೊತ್ತಾಗಂಗಿಲ್ಲ. ರಾತ್ರಿಯೆಲ್ಲಾ ನಾ ಅದನ್ನ ಕಾಯ್ತೀನಿ, ಹಗಲಿ ನನ್ನ ಕಾಯವ್ರು ಯಾರೂ ಇಲ್ಲ."

ಅತ್ತೆ ಶೇಂಗಾ ಸುಲಿಯುತ್ತಿದ್ದರು. "ಹಂಗಾರ ನೀನೂ ಅದರ ಸಂಗಾಟ ಅಲ್ಲೇ ಮಲಕೊಂಡ ಬಾ" ಎಂದರು.

ನಾನು ಕೇಳಿದೆ: "ರೀ, ಆ ಖೋಲಿ ಗ್ವಾಡಿ ಯಾತರದ್ದರೀ?"

"ಅದಾ? ಪ್ಯಾನೆಲ್. ಎರಡೂ ಕಡೆ ತಗಡು, ನಡುವ ದಪ್ಪನ ಫೋಮ್. ಒಳಗಿನ ತಂಪು ಹೊರಗ ಹೋಗಂಗಿಲ್ಲ, ಹೊರಗಿನ ಬಿಸಿ ಒಳಗ ಬರಂಗಿಲ್ಲ."

ಹೇಳಿದ ಇವರೂ ಕೇಳಿದ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟು ವರ್ಷ ಒಬ್ಬರು ಅವಾಹಕದೊಳಗೆ ರಾತ್ರಿ ಕಳೆಯುತ್ತಿದ್ದರು, ಇನ್ನೊಬ್ಬರು ಹಗಲೆಲ್ಲ ಅವಾಹಕದ ಪಾಠ ಮಾಡುತ್ತಿದ್ದರು, ಮತ್ತು ಇಬ್ಬರೂ ಸೇರಿ ತಗಡಿನ ಕೆಳಗೆ ಸಂಸಾರ ಮಾಡುತ್ತಿದ್ದೆವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಅಂದರೆ ಇದೇ.

ವಿಚಾರಿಸಿದಾಗ ಮನೆಗೂ ಅಂಥ ಪ್ಯಾನೆಲ್ ಬರುತ್ತವೆಂದು ತಿಳಿಯಿತು. ಬಂದು ನೋಡಿದ ಇಂಜಿನಿಯರು ರಕ್ಷಿತಾ ಎಂಬ ಹುಡುಗಿ. ಊರು ಮಂಗಳೂರಿನ ಕಡೆ, ಅಪ್ಪನದು ಗ್ರಾಂಟ್ ರೋಡಿನಲ್ಲಿ ಉಡುಪಿ ಹೋಟೆಲು. ಅವಳ ಕನ್ನಡ ಒಂದು ನಮೂನೆ, ನಮ್ಮದು ಒಂದು ನಮೂನೆ, ನಡುನಡುವೆ ಹಿಂದಿ ಬಂದು ರಾಜಿ ಮಾಡಿಸುತ್ತಿತ್ತು.

"ಟೀಚರ್, ಕೋಲ್ಡ್ ಸ್ಟೋರೇಜಿಂದು ಬೇರೆ. ಮನೆಗೆ ಆದ್ರೆ ಎರಡೂ ಬದಿ ಸಿಮೆಂಟ್ ಬೋರ್ಡ್ ಇರ್ತದೆ, ನಡುವೆ ಥರ್ಮಾಕೋಲ್. ಇದಕ್ಕೆ ಕಂಬ ಬೇಡ, ಮೇಲಿನ ಭಾರ ಎಲ್ಲ ಆ ಬೋರ್ಡೇ ಹೊರ್ತದೆ. ನಿಮ್ಮ ಕೆಳಗಿನ ಗೋಡೆ ಹಳತಲ್ವಾ, ಇಟ್ಟಿಗೆ ಕಟ್ಟಿದ್ರೆ ತಡೀಲಿಕ್ಕಿಲ್ಲ. ಇದು ಹಗುರ" ಎಂದಳು.

ಮೇಲಿನ ಖೋಲಿಯ ದುರಸ್ತಿಗೆ ಪರವಾನಗಿ ಪಡೆದು, ಬೇಸಿಗೆಗೆ ಮೊದಲೇ ಪತ್ರಾ ಇಳಿಸಿದೆವು. ನಮ್ಮ ಚಾಳಿನ ಗಲ್ಲಿ ಎಷ್ಟು ಸಣ್ಣದೆಂದರೆ ಎದುರಿನಿಂದ ದಪ್ಪಗಿನವರು ಬಂದರೆ ಒಬ್ಬರು ಯಾರದಾದರೂ ಮನೆಯೊಳಗೆ ಹೊಕ್ಕು ದಾರಿ ಬಿಡಬೇಕು. ಆ ಗಲ್ಲಿಯಲ್ಲಿ ಇಡೀ ಇಡೀ ಗೋಡೆಗಳು ಕೂಲಿಗಳ ತಲೆಯ ಮೇಲೆ ಕೂತು ಬಂದವು. ಜನ ಹೊರಬಂದು ನಿಂತು ನೋಡಿದರು. ಬೋರ್ಡು, ಥರ್ಮಾಕೋಲು, ಮತ್ತೆ ಬೋರ್ಡು ಎಂದು ಯಾರೋ ವಿವರಿಸಿದರು. ಸಂಜೆಯೊಳಗೆ ನಮ್ಮ ಮನೆಗೆ ಸ್ಯಾಂಡ್‌ವಿಚ್ ಮನೆ ಎಂಬ ಹೆಸರು ಬಿತ್ತು. ಹಸಿರು ಚಟ್ನಿ ಯಾವಾಗ ಹಚ್ಚುತ್ತೀರಿ ಎಂದು ಪಕ್ಕದ ಮನೆಯವಳು ಈಗಲೂ ಕೇಳುತ್ತಾಳೆ.

ಗೋಡೆ ನಿಂತವು, ಮೇಲೆ ಅದೇ ಪ್ಯಾನೆಲ್ಲಿನ ಸೂರು ಕೂತಿತು. ಸಂದುಗಳಿಗೆಲ್ಲ ಫೋಮು ತುಂಬಿ ಪಟ್ಟಿ ಅಂಟಿಸಿದರು, ಬಾಗಿಲಿನ ಸುತ್ತ ರಬ್ಬರು ಹಚ್ಚಿದರು, ಉಸಿರಾಟಕ್ಕೆಂದು ಒಂದು ಸಣ್ಣ ಎಕ್ಸಾಸ್ಟ್ ಫ್ಯಾನು ಇಟ್ಟರು. ಅತ್ತೆ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. ನಮ್ಮ ಜನ ಗೋಡೆಯನ್ನೂ ತೆಂಗಿನಕಾಯಿಯನ್ನೂ ಒಂದೇ ರೀತಿ ಪರೀಕ್ಷೆ ಮಾಡುವವರು. ಡಬ್ ಡಬ್ ಎಂದಿತು.

"ಇದ್ಯಾವ ಗ್ವಾಡಿಯವಾ, ಒಳಗ ಟೊಳ್ಳ ಐತಿ. ಗೊಂಬಿ ಮನಿ ಕಟ್ಟಿಸಿರಿ ನೀವು" ಎಂದು ಇಳಿದು ಹೋದರು. ಆದರೂ ಹೋಗುವಾಗ ಅದೇ ಗೋಡೆಯ ಮೇಲೆ ಅಂಗೈ ಊರಿ, ಬಿಸಿಲಿನಲ್ಲೂ ತಂಪಾಗಿದ್ದದ್ದನ್ನು ನೋಡಿ, ಕೈ ಸ್ವಲ್ಪ ಹೊತ್ತು ಅಲ್ಲೇ ಇಟ್ಟಿದ್ದರು. ನಾನು ನೋಡದವಳಂತೆ ನಿಂತೆ.

ಪ್ಯಾನೆಲ್ಲಿನವರು ಕೆಲಸ ಮುಗಿಸಿ ಹೋದ ಮೇಲೆ ಮೆಟ್ಟಿಲಿನ ಬುಡಕ್ಕೆ ಸಿಮೆಂಟು ಹಾಕುವುದು, ಮೇಲೆ ನೆಲಕ್ಕೆ ಫರಸಿ ಕಲ್ಲು ಕೂಡಿಸುವುದು ಉಳಿದಿತ್ತು. ಅದಕ್ಕೆ ಯಮನಪ್ಪ ಎಂಬ ಗೌಂಡಿಯನ್ನು ಕರೆಸಿದೆವು. ಬದಾಮಿ ಕಡೆಯವನು. ಅತ್ತೆಗೆ ತಮ್ಮ ಕಡೆಯ ಮಾತು ಆಡುವ ಮನುಷ್ಯ ಸಿಕ್ಕಿದ್ದೇ ತಡ, ಅವನಿಗೆ ಬಿಸಿ ಜೋಳದ ರೊಟ್ಟಿ, ಗುರೆಳ್ಳು ಹಿಂಡಿ, ಮೊಸರು ಎಲ್ಲ ನಡೆಯತೊಡಗಿತು. ರೊಟ್ಟಿ ತಿಂದ ಕೈ ಅತ್ತೆಯ ಮಾತಿಗೆ ಇಲ್ಲ ಎನ್ನುವುದು ಹೇಗೆ.

ಫರಸಿ ಕೆಲಸ ಮುಗಿಯುವ ದಿನ ನಾನು ಶಾಲೆಯಿಂದ ಬರುತ್ತಿದ್ದೆ. ಗಲ್ಲಿಗೆ ತಿರುಗಿದರೆ ನೆಲವೆಲ್ಲ ಬೆಳ್ಳಗೆ. ಪಂಚಮಿಗೆ ಹುರಿದ ಜೋಳದ ಅಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಬಿಳಿ ಕಾಳುಗಳು ಗಾಳಿಗೆ ಹಾರಾಡುತ್ತಿದ್ದವು. ಒಣಹಾಕಿದ ಸೀರೆಗಳಿಗೆ, ನಾಯಿಯ ಬೆನ್ನಿಗೆ, ಪಕ್ಕದ ಮನೆಯವಳ ಹಸಿ ಮೀನಿನ ತಟ್ಟೆಗೆ ಎಲ್ಲ ಅಂಟಿದ್ದವು. ಅವಳು ಸೊಂಟಕ್ಕೆ ಕೈಯಿಟ್ಟು ನನ್ನನ್ನೇ ಕಾಯುತ್ತಿದ್ದಳು. ಅವಳಿಗೆ ಏನೋ ಸಮಾಧಾನ ಹೇಳಿ ಓಡಿ ಮೇಲೆ ಹೋದೆ.

ಹೊಸ ಖೋಲಿಯ ಮೂಡಣ ಗೋಡೆಯ ನಟ್ಟನಡುವೆ ಒಂದು ಗೂಡು. ದೀಪ ಇಡಲು ಗೋಡೆಯಲ್ಲಿ ಬಿಡುವ ಇಂಥ ಗೂಡಿಗೆ ನಮ್ಮ ಕಡೆ ಮಾಡ ಎನ್ನುತ್ತಾರೆ. ಯಮನಪ್ಪ ಕಟರ್ ಮಶೀನು ಹಚ್ಚಿ ಒಳಗಿನ ಬೋರ್ಡನ್ನು ಚೌಕಾಗಿ ಕತ್ತರಿಸಿ, ಥರ್ಮಾಕೋಲು ತೋಡಿ ತೆಗೆದಿದ್ದ. ಕಿತ್ತ ತುಂಡು ಮೂಲೆಗೆ ಒರಗಿತ್ತು. ಈಗ ಮೊಸರಿನ ಪಾತ್ರೆ ಹೊತ್ತಿರುವುದು ಅದೇ. ಅತ್ತೆಯ ಬೆಳ್ಳಿ ಕೂದಲಿನಲ್ಲೂ ಬಿಳಿ ಕಾಳು. ಮಾಡದೊಳಗೆ ಹಿತ್ತಾಳೆಯ ದೀಪ ಕೂತಿದೆ, ಎಣ್ಣೆ ತುಂಬಿದೆ, ಬತ್ತಿ ಹೊಸೆದು ಇಟ್ಟಾಗಿದೆ.

"ಬಂದಿ? ಚಲೋ ಆತು. ಮನಿ ಸೊಸಿನ ಮೊದಲ ಹಚ್ಚಬೇಕು ಅಂತ ಕಾಯಾಕತ್ತಿದ್ದೆ" ಎಂದು ಅತ್ತೆ ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗಿಟ್ಟರು.

ಅವರ ಮುಖದಲ್ಲಿ ಎಂಥ ಹಿಗ್ಗು ಇತ್ತೆಂದರೆ, ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದಿರಿ. ಕೈ ತಾನಾಗಿ ಕಡ್ಡಿ ಗೀರಿತು. ಬತ್ತಿಯ ಹತ್ತಿರ ಒಯ್ದೆ. ಉರಿಯ ಬೆಳಕಿಗೆ ಮಾಡದ ಒಳಮೈ ಕಂಡಿತು. ಮೂರೂ ಕಡೆ, ಮೇಲೆ, ಕೆಳಗೆ, ಎಲ್ಲ ಬರೀ ಥರ್ಮಾಕೋಲು. ನಾಲ್ಕೂ ಗೋಡೆ, ಸೂರು, ಎಲ್ಲದರ ಹೊಟ್ಟೆಯಲ್ಲೂ ಅದೇ. ಉಫ್ ಎಂದು ಊದಿ ಕಡ್ಡಿ ಆರಿಸಿಬಿಟ್ಟೆ.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ದೀಪಕ್ಕೆಂದು ಹಚ್ಚಿದ ಉರಿಯನ್ನು ಬಾಯಿಂದ ಊದಿ ಆರಿಸುವುದು ನಮ್ಮಲ್ಲಿ ಎಂಥ ಅಪಶಕುನವೆಂದು ನಿಮಗೆ ಗೊತ್ತಿರಬಹುದು. "ಬಾಯಿಲೆ ಊದಿದೆಲ್ಲ ಗಿರಿಜಾ. ಮಗ್ಗಲಾಗ ನಾ ನಿಂತೀನಿ, ಹೊಸಾ ಮನ್ಯಾಗ, ಬಾಯಿಲೆ ಊದಿದಿ."

"ಅತ್ತಿ, ಇದಕ ಬೆಂಕಿ ತಾಗಿದ್ರ ಇಡೀ ಖೋಲಿ ಹತ್ತಿ ಉರೀತಿತ್ತು. ಒಳಗ ನಿಮ್ಮ ಮಗ ಮಲಗಿರ್ತಾರ. ಯಾರನ್ನ ಕೇಳಿ ಗ್ವಾಡಿ ಕಡಿಸಿದ್ರಿ ನೀವು?"

ನಾನು ಅತ್ತೆಗೆ ಅಷ್ಟು ಜೋರಾಗಿ ಎಂದೂ ಮಾತಾಡಿದವಳಲ್ಲ. ಯಮನಪ್ಪ ಕರಣಿಯನ್ನು ಬುಟ್ಟಿಯಲ್ಲಿಟ್ಟು, "ಅಕ್ಕಾರ, ಅವ್ವಾರು ಹೇಳಿದ್ರರೀ, ನಮ್ಮ ಕಡೆ ಮಾಡ ಇಲ್ಲದ ಮನಿ ಎಲ್ಲೈತ್ರಿ" ಎಂದು ತನಗೇ ಕೇಳುವಂತೆ ಹೇಳಿ ಮೆಟ್ಟಿಲು ಇಳಿದ. ಅವನನ್ನು ಬೈದು ಏನು ಪ್ರಯೋಜನ. ಅವನು ಹುಟ್ಟಿದಾಗಿನಿಂದ ಕಂಡ ಗೋಡೆಗಳೆಲ್ಲ ಮಣ್ಣು, ಕಲ್ಲು. ಕಲ್ಲಿನ ಗೋಡೆಗೆ ಮಾಡ ತೋಡಿದರೆ ಗೋಡೆಗೆ ಏನೂ ಆಗುವುದಿಲ್ಲ, ದೀಪಕ್ಕೆ ಗಾಳಿ ತಾಗದಂತಾಗುತ್ತದೆ, ಅಷ್ಟೇ.

ಅತ್ತೆ ಹೊಸ ಫರಸಿಯ ಮೇಲೆ ಕೂತುಬಿಟ್ಟರು. ಸೆರಗಿನಿಂದ ಬಿಳಿ ಕಾಳು ಹೆಕ್ಕತೊಡಗಿದರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು.

"ದಿನಾ ಸಂಜಿಗೆ ಅವನ್ನ ಎಬ್ಬಸಾಕಿ ನಾನ. ಅಂವಾ ಆಗಷ್ಟ ಕಣ್ಣ ಮುಚ್ಚಿರ್ತಾನ, ನನಗ ಗೊತ್ತಿಲ್ಲೇನು? ಹೆತ್ತ ಕರುಳ ಐತಿ ನಂದೂ. ಎಬ್ಬಸದಿದ್ರ ಲಕ್ಷ್ಮೀ ತಿರುಗಿ ಹೋಗ್ತಾಳ, ಎಬ್ಬಿಸಿದ್ರ ಇಂವಾ ಗಾಡಿ ಕೆಳಗ ಹೋಗ್ತಾನ. ನಾ ಏನ್ ಮಾಡ್ಲಿ? ಅವನ ತಲಿದೆಸಿಗೆ ಒಂದ ದೀಪಾ ಇದ್ರ, ಆಕಿ ಬಂದು ದೀಪಾ ನೋಡಿ, ಇಲ್ಲಿ ಎಚ್ಚರ ಅದಾರ ಅಂತ ಹೋಗ್ತಾಳ. ಎಬ್ಬಸೂದ ಬ್ಯಾಡಾಗ್ತದ ಅಂತ ಮಾಡಿಸಿದೆ."

ಆ ಕಾಲರಿನ ಸುದ್ದಿ ಕೇಳಿದ ದಿನ ಅತ್ತೆ ಏನೂ ಅಂದಿರಲಿಲ್ಲ, ಎದ್ದು ಹೋಗಿ ಪಾತ್ರೆ ತಿಕ್ಕಿದ್ದರು. ಈ ತಾಯಿಗೇನೂ ಅನ್ನಿಸಲಿಲ್ಲವೇ ಎಂದು ಆಗ ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವರ ಪಕ್ಕದಲ್ಲಿ ಕೂತು ಕೂದಲಿನ ಕಾಳು ತೆಗೆಯತೊಡಗಿದೆ. ಬೇಡ ಎನ್ನಲಿಲ್ಲ, ತಲೆ ಸ್ವಲ್ಪ ಈಚೆ ವಾಲಿಸಿದರು.

ಮರುದಿನ ರಕ್ಷಿತಾ ಬಂದು ಆ ತೂತು ನೋಡಿ ಹಣೆಗೆ ಕೈಯಿಟ್ಟಳು. "ಎಂತ ಟೀಚರ್ ಇದು. ಭಾರ ಹೊರುವುದೇ ಈ ಬೋರ್ಡ್ ಅಂತ ನಾನು ಹೇಳ್ಲಿಲ್ವಾ? ಬಟ್ಟೆ ಕತ್ತರಿಸಿದ ಹಾಗೆ ಕತ್ತರಿಸಿದ್ದಾರೆ. ಸದ್ಯ ದೀಪ ಹಚ್ಚಲಿಲ್ವಲ್ಲ, ದೇವರು ದೊಡ್ಡವನು."

ಹಚ್ಚಲು ಹೋಗಿ ಊದಿದ ಕಥೆ ನಾನು ಹೇಳಲಿಲ್ಲ. ಅತ್ತೆಯೂ ಹೇಳಲಿಲ್ಲ. ನಾವಿಬ್ಬರೂ ಶಾಲೆಯ ಮಕ್ಕಳ ಹಾಗೆ ಗೋಡೆಗೆ ಒರಗಿ ನಿಂತಿದ್ದೆವು. ಅವಳ ಜನ ಬಂದು ತೂತಿಗೆ ಹೊಸ ಥರ್ಮಾಕೋಲು ಅಳತೆಗೆ ಕೂಡಿಸಿ, ಸುತ್ತ ಡಬ್ಬಿಯಿಂದ ಫೋಮು ಸಿಂಪಡಿಸಿ, ಅದರ ಮೇಲೆ ದೊಡ್ಡ ಬೋರ್ಡು ಇಟ್ಟು ಅಂಟು ಹಚ್ಚಿ ಸ್ಕ್ರೂ ಬಿಗಿದರು. ಬಣ್ಣ ಹೊಡೆದ ಮೇಲೆ ಎಲ್ಲಿತ್ತೆಂದು ಗೊತ್ತಾಗದಂತಾಯಿತು. ಏನೂ ಆಗಿಲ್ಲ, ಗೋಡೆ ಮೊದಲಿನಷ್ಟೇ ಗಟ್ಟಿ ಎಂದು ಅವಳು ಹೇಳಿದಾಗ ನಾನು ಬಿಟ್ಟ ಉಸಿರು ಪಕ್ಕದ ಮನೆಗೂ ಕೇಳಿಸಿರಬೇಕು.

ಹೋಗುವ ಮೊದಲು ರಕ್ಷಿತಾ ಅತ್ತೆಗೆ ಸಮಾಧಾನ ಹೇಳಲು ನೋಡಿದಳು. "ಅಜ್ಜಿ, ಒಂದು ಸಣ್ಣ ಬಲ್ಬ್ ಹಾಕಿಕೊಡ್ತೇನೆ, ದೀಪದ ಹಾಗೇ ಕಾಣ್ತದೆ."

"ಬಲ್ಬಿಗೆ ಲಕ್ಷ್ಮೀ ಬರಂಗಿಲ್ಲ ತಂಗಿ, ಲೈಟ್ ಬಿಲ್ಲ ಬರ್ತೈತಿ" ಎಂದರು ಅತ್ತೆ.

ಹೀಗೆ ಗೋಡೆ ಸರಿಯಾಯಿತು, ದೀಪದ ಮಾತು ಹಾಗೇ ಉಳಿಯಿತು. ಎಬ್ಬಿಸುವುದೋ ಬಿಡುವುದೋ ಎಂದು ನಾನೂ ಕೇಳಲಿಲ್ಲ. ಕೇಳಿದರೆ ಅತ್ತೆ ಏನಾದರೊಂದು ಹೇಳಿಬಿಡುತ್ತಾರೆ, ಹೇಳಿದ ಮೇಲೆ ಅದೇ ಕಾಯಂ ಆಗುತ್ತದೆ ಎಂಬ ಭಯ.

ನೆಲದ ಸಿಮೆಂಟು ಒಣಗಲಿ, ಬಣ್ಣದ ವಾಸನೆ ಹೋಗಲಿ ಎಂದು ಬಿಟ್ಟು, ಏಪ್ರಿಲ್ಲಿನ ಒಂದು ಭಾನುವಾರ ಇವರು ಆ ಖೋಲಿಯಲ್ಲಿ ಮೊದಲ ಸಲ ಮಲಗಲು ಹೋದರು. ಅವತ್ತಿನ ಬಿಸಿಲು ಹೇಗಿತ್ತೆಂದರೆ ಗಲ್ಲಿಯ ಕಾಗೆಗಳು ಬಾಯಿ ತೆರೆದುಕೊಂಡೇ ಕೂತಿದ್ದವು. ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿತು, ಅಷ್ಟೇ. ಆಮೇಲೆ ಏನೂ ಇಲ್ಲ.

ಪತ್ರಾ ಇದ್ದಾಗ ಮೇಲಿನ ಪ್ರತಿಯೊಂದು ಸದ್ದೂ ಕೆಳಗೆ ಕೇಳುತ್ತಿತ್ತು. ಮಂಚದ ಕಿರುಗುಟ್ಟುವಿಕೆ, ಕೆಮ್ಮು, ಚೊಂಬಿನಿಂದ ನೀರು ಕುಡಿದದ್ದು, ಥತ್ ಎಂದು ಬೈದುಕೊಂಡದ್ದು. ಅತ್ತೆಗೂ ನನಗೂ ಹಗಲೆಲ್ಲ ಆ ಸದ್ದುಗಳ ಮೇಲೆಯೇ ಕಿವಿ. ಈಗ ಸದ್ದೇ ಇಲ್ಲದ ಮಧ್ಯಾಹ್ನ. ಅತ್ತೆ ಅಕ್ಕಿ ಆರಿಸುವುದನ್ನು ಬಿಟ್ಟು ಮೇಲೆ ನೋಡಿದರು. ನಾನು ಉತ್ತರಪತ್ರಿಕೆ ತಿದ್ದುವುದನ್ನು ಬಿಟ್ಟು ಮೇಲೆ ನೋಡಿದೆ. ಮತ್ತೆ ಇಬ್ಬರೂ ತಲೆ ತಗ್ಗಿಸಿದೆವು. ನನ್ನ ಮನಸ್ಸಿನಲ್ಲಿ ಏನೇನೋ. ಎಕ್ಸಾಸ್ಟ್ ಫ್ಯಾನು ಹಾಕಿಕೊಂಡಿದ್ದಾರೋ ಇಲ್ಲವೋ. ಗಾಳಿ ಸಾಲುತ್ತದೋ ಇಲ್ಲವೋ. ಸಂದಿಗೊಂದಿ ಎಲ್ಲ ಮುಚ್ಚಿಸಿದವಳು ನಾನೇ.

ಅತ್ತೆಯೇ ಮೊದಲು ಸೋತರು. "ಹೋಗಿ ನೋಡಿ ಬಾ ಗಿರಿಜಾ. ಸಪ್ಪಳ ಇಲ್ಲ ಅವಂದು."

ಮೆಟ್ಟಿಲು ಹತ್ತುವಾಗ ಕಬ್ಬಿಣ ಕಾದು ಚಪ್ಪಲಿಯೊಳಗೂ ಸುಡುತ್ತಿತ್ತು. ಬಾಗಿಲಿಗೆ ಕಿವಿ ಇಟ್ಟೆ, ಏನೂ ಕೇಳಲಿಲ್ಲ. ಮೆಲ್ಲಗೆ ದೂಡಿದೆ. ಒಳಗಿನಿಂದ ಎರಡು ಒಟ್ಟಿಗೆ ಹೊರಬಂದವು. ಒಂದು ತಂಪು, ಇನ್ನೊಂದು ಗೊರಕೆ. ಎಂಥ ಗೊರಕೆ ಎಂದರೆ, ಮದುವೆಯಾದ ಹೊಸತರಲ್ಲಿ ಕೇಳಿದ್ದು, ಆಮೇಲೆ ಅಂಥ ನಿದ್ದೆಯೇ ಇವರಿಗೆ ಸಿಕ್ಕಿರಲಿಲ್ಲ. ಎಕ್ಸಾಸ್ಟ್ ಫ್ಯಾನು ತಿರುಗುತ್ತಿತ್ತು, ಹಳೇ ಎ.ಸಿ. ಸಣ್ಣಗೆ ಓಡುತ್ತಿತ್ತು, ಇವರು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಿದ್ದರು. ಏಪ್ರಿಲ್ಲಿನಲ್ಲಿ, ಮುಂಬೈಯಲ್ಲಿ, ಹೊದಿಕೆ. ಬಾಯಿ ತೆರೆದಿತ್ತು. ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ನಾನು ಅಲ್ಲೇ ಬಾಗಿಲ ಚೌಕಟ್ಟು ಹಿಡಿದು ನಿಂತು ಕಣ್ಣೀರು ಒರೆಸಿಕೊಂಡೆ. ನನ್ನ ಜೀವ ನಿರಾಳವಾಯಿತು. ಬಾಗಿಲು ಮುಚ್ಚಿದೆ, ಗೊರಕೆ ನಿಂತಿತು. ಮತ್ತೆ ತೆರೆದೆ, ಇತ್ತು. ಮುಚ್ಚಿ ಇಳಿದು ಬಂದೆ.

"ಮಲಗ್ಯಾರ ಅತ್ತಿ. ಗೊರಕಿ ಹೊಡ್ಯಾಕತ್ತಾರ."

"ಖರೇನ?"

"ಖರೇನ. ಹೊದ್ದಕೊಂಡಾರ."

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ಎಷ್ಟೋ ಹೊತ್ತು ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು.

ಬಿಸಿಲು ಇಳಿಯಿತು. ಅತ್ತೆ ಕೈಕಾಲು ತೊಳೆದು, ಹೊಸ್ತಿಲಿಗೆ ನೀರು ಹಾಕಿ, ಕೆಳಗಿನ ಇಟ್ಟಿಗೆ ಗೋಡೆಯ ಹಳೇ ಮಾಡದಲ್ಲಿ ದೀಪ ಹಚ್ಚಿದರು. ಹಚ್ಚಿ ಹೊರಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತರು. ತಲೆಯೆತ್ತಿ ಮೇಲಿನ ಬಾಗಿಲು ನೋಡಿದರು. ಈಗ ಕೂಗುತ್ತಾರೆ, ಏ ಶಿವೂ ಎನ್ನುತ್ತಾರೆ ಎಂದು ನಾನು ಒಳಗೆ ಕಾಯುತ್ತ ಕೂತಿದ್ದೆ. ಅವರು ಬೀದಿಯ ಕಡೆ ತಿರುಗಿ ಕೈಮುಗಿದು, ಅಲ್ಲಿ ನಿಂತಿದ್ದ ಯಾರಿಗೋ ಹೇಳುವಂತೆ ಹೇಳಿದರು. "ನನ್ನ ಮಗಾ ರಾತ್ರಿಯೆಲ್ಲಾ ದುಡದು ಮಲಗ್ಯಾನ. ಅವನ ಪಾಳಿಗೆ ನಾ ಎಚ್ಚರ ಇರ್ತೀನಿ. ಸಿಟ್ಟ ಮಾಡಬ್ಯಾಡವ್ವಾ."

ಆಮೇಲೆ ಒಳಗೆ ಬಂದು ದೀಪದ ಮುಂದೆ ಕಾಲು ಚಾಚಿ, ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ನೋಡುತ್ತ ಕೂತರು. ನಾನು ಚಹಾಕ್ಕಿಟ್ಟೆ. ಚಹಾ ಸೋಸಿಕೊಂಡು ಬಂದು ನೋಡಿದರೆ ಅತ್ತೆಯ ತಲೆ ಒಂದು ಕಡೆ ವಾಲಿತ್ತು. ಬಾಯಿ ಮಗನ ಹಾಗೇ ಸ್ವಲ್ಪ ತೆರೆದಿತ್ತು. ಎಷ್ಟು ವರ್ಷದ ಹಗಲುಗಳನ್ನು ಅವರೂ ಮೇಲಿನ ಸದ್ದಿಗೆ ಕಿವಿಗೊಟ್ಟು ಕಣ್ಣು ಮುಚ್ಚದೆ ಕಳೆದಿದ್ದರೋ, ನಾನು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಷ್ಟರಲ್ಲಿ ಸ್ನೇಹಾ ಹೊರಗಿನಿಂದ ಬಂದಳು. ಚಪ್ಪಲಿ ಬಿಡುತ್ತಲೇ ನಿಂತುಬಿಟ್ಟಳು. ಅವಳ ಕನ್ನಡ ಅರ್ಧ ಹಿಂದಿ, ಅರ್ಧ ಊಹೆ.

"ಮಮ್ಮಿ, ಅಜ್ಜಿ ಸೋ ಗಯೀ? ದೀಪದ ಟೈಮ್‌ಗೆ? ಎಬ್ಬಿಸ್ಲಾ?"

"ಬ್ಯಾಡ."

"ಲೇಕಿನ್ ಲಕ್ಷ್ಮೀ ಬಂದ್ರೆ?"

ನಾನು ಚಹಾದ ಕಪ್ಪನ್ನು ಅವಳ ಕೈಗೆ ಕೊಟ್ಟು, ಬಾಗಿಲ ಬಳಿಯ ಜಾಗ ತೋರಿಸಿದೆ.

"ಇಲ್ಲೇ ಕೂಡು. ಬಂದ್ರ, ಸಪ್ಪಳ ಮಾಡದ ಮೆಲ್ಲಕ ಒಳಗ ಬಾ ಅಂತ ಹೇಳು."